ಮಗುವಿಗೆ ಓದು ಹತ್ತುತ್ತಿಲ್ಲವೇ? ಮನೆಯ ಕನ್ನಡವನ್ನು ದೂರಬೇಡಿ



ಮಾಟುಂಗಾ ಇರಲಿ, ಕೋಥ್ರೂಡ್ ಇರಲಿ, ಟಿ. ನಗರ, ಕಾಚಿಗುಡ, ಆರ್.ಕೆ. ಪುರಂ ಇರಲಿ, ಶಾಲೆಯ ಪೇರೆಂಟ್ಸ್ ಮೀಟಿಂಗ್‌ನಲ್ಲಿ ನಮ್ಮವರ ಕಿವಿಗೆ ಬೀಳುವ ಒಂದು ಮಾತಿದೆ. "ನಿಮ್ಮ ಮಗು ಚುರುಕಾಗಿದೆ, ಆದರೆ ಓದು ಬರವಣಿಗೆ ಹತ್ತುತ್ತಿಲ್ಲ. ಮನೆಯಲ್ಲಿ ಯಾವ ಭಾಷೆ ಮಾತಾಡ್ತೀರಿ? ಕನ್ನಡಾನಾ? ಹಾಗಾದ್ರೆ ಸ್ವಲ್ಪ ದಿನ ಅದನ್ನು ನಿಲ್ಲಿಸಿ, ಇಂಗ್ಲಿಷ್ ಮಾತ್ರ ಮಾತಾಡಿ."

ಹೇಳುವವರ ಉದ್ದೇಶ ಕೆಟ್ಟದ್ದಲ್ಲ. ಕೇಳಿದ ಅಪ್ಪ ಅಮ್ಮಂದಿರೂ ಮಗುವಿನ ಒಳ್ಳೆಯದಕ್ಕೆಂದೇ ಒಪ್ಪಿಕೊಳ್ಳುತ್ತಾರೆ. ಅಂದಿನಿಂದ ಮನೆಯಲ್ಲಿ ಅಜ್ಜಿ ಕಥೆ ಹೇಳುವುದು ನಿಲ್ಲುತ್ತದೆ. ಅಮ್ಮ ತನಗೆ ಸರಾಗವಾಗಿ ಬಾರದ ಇಂಗ್ಲಿಷಿನಲ್ಲಿ "ಕಮ್, ಈಟ್, ಸಿಟ್" ಎಂದು ಮೂರು ಪದಗಳಲ್ಲಿ ಸಂಸಾರ ನಡೆಸುತ್ತಾಳೆ. ಓದು ಮಾತ್ರ ಇದ್ದಲ್ಲೇ ಇರುತ್ತದೆ. ಓದಿನ ಜೊತೆ ಮಾತೂ ಹೋಯಿತು, ಅಷ್ಟೇ!

ಈ ಸಲಹೆ ಸರಿಯೇ? ಎಲ್ಲ ಮಕ್ಕಳೂ ಒಂದೇ ರೀತಿ ಕಲಿಯದಿದ್ದಾಗ ಕಲಿಸುವ ದಾರಿ ಯಾವುದು? ಈ ಬಾರಿ ಅದನ್ನೇ ನೋಡೋಣ ಬನ್ನಿ.

ಎರಡು ಭಾಷೆ ಮಗುವಿಗೆ ಭಾರವೇ?

ನೇರವಾಗಿ ಹೇಳಿಬಿಡುತ್ತೇನೆ: ಅಲ್ಲ. ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಭಾಷೆ ಇದ್ದ ಮಾತ್ರಕ್ಕೆ ಮಗುವಿಗೆ ಕಲಿಕೆಯ ತೊಂದರೆ ಬರುವುದಿಲ್ಲ. ತೊಂದರೆ ಮೊದಲೇ ಇದ್ದರೂ ಎರಡನೇ ಭಾಷೆಯಿಂದ ಅದು ಹೆಚ್ಚುವುದಿಲ್ಲ. 2005ರಲ್ಲಿ ಕೆನಡಾದ ಸಂಶೋಧಕರು ಡೌನ್ ಸಿಂಡ್ರೋಮ್ ಇರುವ ಮಕ್ಕಳ ಮೇಲೆ ನಡೆಸಿದ ಅಧ್ಯಯನವೊಂದು ಪ್ರಕಟವಾಯಿತು. ಎರಡು ಭಾಷೆಯ ನಡುವೆ ಬೆಳೆದ ಮಕ್ಕಳು, ಇಂಗ್ಲಿಷ್ ಒಂದನ್ನೇ ಕೇಳಿ ಬೆಳೆದ ಅಂಥದೇ ಮಕ್ಕಳಿಗಿಂತ ಇಂಗ್ಲಿಷಿನಲ್ಲಿ ಹಿಂದೆ ಬಿದ್ದಿರಲಿಲ್ಲ. ಆಟಿಸಂ ಇರುವ ಮಕ್ಕಳ ಅಧ್ಯಯನಗಳೂ ಒಟ್ಟಾರೆ ಇದನ್ನೇ ಹೇಳಿವೆ.

ಮನೆಯಲ್ಲೇ ಗಮನಿಸಬಹುದಾದ ಒಂದು ಅಂಶವೂ ಇದೆ. ಮಗು ಕನ್ನಡದಲ್ಲಿ ಗಲಗಲ ಮಾತಾಡುತ್ತದೆ, ಕಥೆ ಕೇಳಿ ಅರ್ಥ ಮಾಡಿಕೊಳ್ಳುತ್ತದೆ, ಆದರೆ ಇಂಗ್ಲಿಷ್ ಮಾತು ಮಾತ್ರ ತಡವರಿಸುತ್ತದೆ ಅಂದರೆ, ಬಹುಮಟ್ಟಿಗೆ ಅದು ಹೊಸ ಭಾಷೆ ಸಾಕಷ್ಟು ಕಿವಿಗೆ ಬಿದ್ದಿಲ್ಲ ಎನ್ನುವುದರ ಗುರುತು. ಸಮಯ ಕೊಟ್ಟರೆ ಸರಿಹೋಗುತ್ತದೆ. ಮನೆಮಾತಿನಲ್ಲೂ ಮಾತು ತಡವಾಗಿದ್ದರೆ, ಹೇಳಿದ್ದು ಅರ್ಥವಾಗುತ್ತಿಲ್ಲವಾದರೆ, ಆಗ ತಜ್ಞರ ಹತ್ತಿರ ಹೋಗಲೇಬೇಕು. ಈ ವ್ಯತ್ಯಾಸ ತಿಳಿಯುವುದಕ್ಕಾದರೂ ಮನೆಯಲ್ಲಿ ಕನ್ನಡ ಉಳಿದಿರಬೇಕು, ಅಲ್ಲವೇ? ಅಳೆಯುವ ಸೇರನ್ನೇ ಬಿಸಾಡಿದರೆ ಅಕ್ಕಿ ಎಷ್ಟಿದೆ ಎಂದು ಹೇಗೆ ಗೊತ್ತಾಗಬೇಕು?

ಮಾತು ಚೆಂದ, ಓದು ಕಷ್ಟ

ಇನ್ನು ಕೆಲವು ಮಕ್ಕಳಿಗೆ ಮಾತಿನಲ್ಲಿ ಯಾವ ಕೊರತೆಯೂ ಇರುವುದಿಲ್ಲ. ಪುಸ್ತಕ ತೆರೆದರೆ ಮಾತ್ರ ಕಷ್ಟ. 2007ರಲ್ಲಿ 'ತಾರೇ ಜಮೀನ್ ಪರ್' ಸಿನಿಮಾ ಬಂದ ಮೇಲೆ 'ಡಿಸ್ಲೆಕ್ಸಿಯಾ' ಎಂಬ ಪದ ಮನೆಮನೆಗೆ ಬಂತು. ಆದರೆ ಪದ ಬಹಳ ಹಳೆಯದು. 1887ರಲ್ಲಿ ಜರ್ಮನಿಯ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್ ಇದನ್ನು ಬಳಕೆಗೆ ತಂದರು. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್, ಪರ್ಸಿ ಎಂಬ 14 ವರ್ಷದ ಹುಡುಗನ ಬಗ್ಗೆ ಬರೆದರು. ಬುದ್ಧಿವಂತ ಹುಡುಗ, ಕಣ್ಣು ಸರಿಯಿದೆ, ಆದರೆ ತನ್ನ ಹೆಸರನ್ನೇ 'ಪ್ರೆಸಿ' ಎಂದು ಬರೆಯುತ್ತಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಇಡೀ ಶಾಲೆಗೆ ಇವನೇ ಜಾಣನಾಗುತ್ತಿದ್ದ ಎಂದು ಅವನ ಮೇಷ್ಟ್ರು ಹೇಳಿದ್ದರಂತೆ. ರೇಡಿಯೋದಲ್ಲಿ ಕೆಲಸ ಮಾಡುವ ನನಗೆ ಈ ಮಾತು ಬಹಳ ಹಿಡಿಸಿತು. ಕಿವಿಯಿಂದ ಕಲಿಯುವವರೂ ಕಲಿಯುವವರೇ!

ಡಿಸ್ಲೆಕ್ಸಿಯಾ ಎಂದರೆ ಅಕ್ಷರ ತಲೆಕೆಳಗಾಗಿ ಕಾಣುವ ಕಣ್ಣಿನ ಕಾಯಿಲೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಹೆಚ್ಚಿನ ಮಕ್ಕಳಲ್ಲಿ ತೊಡಕಿರುವುದು ಮಾತಿನ ಸದ್ದುಗಳನ್ನು ಬಿಡಿಸಿ, ಅವನ್ನು ಅಕ್ಷರಕ್ಕೆ ಜೋಡಿಸುವುದರಲ್ಲಿ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಸೋಮಾರಿತನವಂತೂ ಅಲ್ಲವೇ ಅಲ್ಲ.

ಈಗ ಇಂಗ್ಲಿಷನ್ನು ನೋಡಿ. 'ಬಟ್' ಎಂದರೆ ಒಂದು ಸದ್ದು, 'ಪುಟ್' ಎಂದರೆ ಇನ್ನೊಂದು. ನಡುವಿನ ಅಕ್ಷರ ಮಾತ್ರ ಒಂದೇ! ಕನ್ನಡದಲ್ಲಿ ಈ ರಗಳೆ ಇಲ್ಲ. 'ಕ' ಎಲ್ಲಿ ಹೋದರೂ 'ಕ'ವೇ. ಹಾಗಾಗಿ ಸದ್ದು-ಅಕ್ಷರ ಜೋಡಣೆಯಲ್ಲಿ ತೊಡಕಿರುವ ಮಗುವಿಗೆ ಎಲ್ಲ ಭಾಷೆಯೂ ಒಂದೇ ಪ್ರಮಾಣದಲ್ಲಿ ಕಷ್ಟವಾಗಬೇಕೆಂದಿಲ್ಲ. 1999ರಲ್ಲಿ ಪ್ರಕಟವಾದ ಒಂದು ಹೆಸರಾಂತ ಅಧ್ಯಯನವಿದೆ. ಜಪಾನಿನಲ್ಲಿ ಬೆಳೆದ 16 ವರ್ಷದ ಹುಡುಗ, ಮನೆಮಾತು ಇಂಗ್ಲಿಷ್. ಜಪಾನಿ ಓದುವುದರಲ್ಲಿ ಅವನಿಗೆ ಯಾವ ತೊಂದರೆಯೂ ಇರಲಿಲ್ಲ. ತನ್ನದೇ ಮನೆಮಾತಾದ ಇಂಗ್ಲಿಷ್ ಓದುವುದರಲ್ಲಿ ಮಾತ್ರ ಜಪಾನಿ ಸಹಪಾಠಿಗಳಿಗಿಂತಲೂ ಹಿಂದಿದ್ದ.

ಹಾಗೆಂದು ಕನ್ನಡ ಓದುವ ಮಕ್ಕಳಿಗೆ ಡಿಸ್ಲೆಕ್ಸಿಯಾ ಇರುವುದಿಲ್ಲ ಎಂದಲ್ಲ. ಸದ್ದು ಮತ್ತು ಅಕ್ಷರ ನೇರವಾಗಿ ಹೊಂದುವ ಲಿಪಿಗಳಲ್ಲಿ ಅದು ತಪ್ಪುಗಳಿಗಿಂತ ಹೆಚ್ಚಾಗಿ ನಿಧಾನದಲ್ಲಿ ಕಾಣಿಸಿಕೊಳ್ಳುತ್ತದೆ. ಮಗು ಸರಿಯಾಗಿಯೇ ಓದುತ್ತದೆ, ಆದರೆ ಎತ್ತಿನ ಗಾಡಿಯ ವೇಗದಲ್ಲಿ. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲು ಓದಿದ್ದು ಮರೆತಿರುತ್ತದೆ.

ನಮ್ಮ ಅಕ್ಷರಮಾಲೆಯ ಸುಲಭ, ನಮ್ಮ ಅಕ್ಷರಮಾಲೆಯ ಕಷ್ಟ

ಕನ್ನಡ ಲಿಪಿಗೂ ಅದರದೇ ಏರುದಾರಿಗಳಿವೆ. ಇಂಗ್ಲಿಷಿಗೆ 26 ಅಕ್ಷರ. ನಮ್ಮ ವರ್ಣಮಾಲೆಯೇ 49. ಅದರ ಮೇಲೆ ಕಾಗುಣಿತ, ಅದರ ಮೇಲೆ ಒತ್ತಕ್ಷರ. ಎಲ್ಲ ಸೇರಿಸಿದರೆ ಮಗು ಗುರುತು ಹಿಡಿಯಬೇಕಾದ ರೂಪಗಳು ನೂರಾರು. ಕರ್ನಾಟಕದ ಮಕ್ಕಳ ಕನ್ನಡ ಓದನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರು 2007ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ಕನ್ನಡದ ಅಕ್ಷರಗಳೆಲ್ಲ ಕೈವಶವಾಗಲು ಮಕ್ಕಳಿಗೆ ಒಂದೆರಡು ವರ್ಷ ಸಾಲದು, ಪ್ರಾಥಮಿಕ ತರಗತಿಗಳ ಉದ್ದಕ್ಕೂ ಆ ಕಲಿಕೆ ನಡೆಯುತ್ತಲೇ ಇರುತ್ತದೆ. ಆದ್ದರಿಂದ ಎರಡನೇ ಕ್ಲಾಸಿನ ಮಗು ಒತ್ತಕ್ಷರದಲ್ಲಿ ತಡವರಿಸಿದರೆ ಗಾಬರಿ ಬೇಡ.

'ಸೂರ್ಯ' ಪದವನ್ನೇ ನೋಡಿ. ಬಾಯಲ್ಲಿ 'ರ್' ಮೊದಲು, 'ಯ' ಆಮೇಲೆ. ಬರೆಯುವಾಗ ಮಾತ್ರ 'ಯ' ಮೊದಲು, ಅರ್ಕಾವೊತ್ತು ಆಮೇಲೆ. ನಮಗೆ ಅಭ್ಯಾಸವಾಗಿದೆ, ಗೊತ್ತೇ ಆಗುವುದಿಲ್ಲ. ಸದ್ದಿನ ಕ್ರಮವೇ ಕೈಗೆ ಸಿಗದ ಮಗುವಿಗೆ ಇದು ಒಗಟು. ಬ-ಭ, ದ-ಧ-ಥ, ಪ-ಷ, ವ-ಮ ಇವು ನೋಟಕ್ಕೆ ಅಣ್ಣತಮ್ಮಂದಿರು. ಇವನ್ನು ಒಂದೇ ದಿನ ಅಕ್ಕಪಕ್ಕದಲ್ಲಿಟ್ಟು ಕಲಿಸಿದರೆ ಗೊಂದಲ ಖಂಡಿತ.

ಕರ್ನಾಟಕದ ಸರ್ಕಾರಿ ಶಾಲೆಗಳ 'ನಲಿ-ಕಲಿ' ಇದಕ್ಕೊಂದು ಚೆಂದದ ಉತ್ತರ. ಆಂಧ್ರದ ರಿಷಿ ವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದು 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿ, ಆಮೇಲೆ ರಾಜ್ಯದ ಕಿರಿಯ ತರಗತಿಗಳಿಗೆಲ್ಲ ಹರಡಿತು. ಇಲ್ಲಿ ಅ, ಆ, ಇ, ಈ ಎಂದು ಶುರುವಾಗುವುದಿಲ್ಲ. 'ರ, ಗ, ಸ, ದ, ಅ' ಎಂದು ಶುರು. ಐದೇ ಅಕ್ಷರ, ಆದರೆ ಕೂಡಲೇ ಸರ, ಅರಸ, ಅಗಸ, ಗರಗಸ ಎಂದು ಪದಗಳು ಸಿಗುತ್ತವೆ! ಕಲಿತ ಮೊದಲ ವಾರವೇ "ನಾನು ಓದಿದೆ" ಎನ್ನುವ ಖುಷಿ. ಜೊತೆಗೆ ಪ್ರತಿ ಮಗುವಿಗೂ 'ಕಲಿಕಾ ಏಣಿ'. ಒಂದು ಮೆಟ್ಟಿಲು ಗಟ್ಟಿಯಾದ ಮೇಲೆ ಮುಂದಿನದು. ಪಕ್ಕದವನು ಹತ್ತನೇ ಮೆಟ್ಟಿಲಲ್ಲಿದ್ದರೆ ಇರಲಿ ಬಿಡಿ, ಈ ಮಗು ನಾಲ್ಕರಲ್ಲಿ ನಿಲ್ಲಬಹುದು.

ಮನೆಯಲ್ಲಿ ನೀವು ಮಾಡಬಹುದಾದದ್ದು

ಅಮೆರಿಕದಲ್ಲಿ 1930ರ ದಶಕದಲ್ಲಿ ಸ್ಯಾಮ್ಯುಯೆಲ್ ಆರ್ಟನ್ ಎಂಬ ವೈದ್ಯರು, ಆನಾ ಗಿಲ್ಲಿಂಗ್‌ಹ್ಯಾಮ್ ಎಂಬ ಶಿಕ್ಷಕಿ ಸೇರಿ ಓದು ಹತ್ತದ ಮಕ್ಕಳಿಗಾಗಿ ಒಂದು ಕ್ರಮ ರೂಪಿಸಿದರು. ಅದರ ತಿರುಳು ಇಷ್ಟು: ಸುಲಭದಿಂದ ಕಠಿಣಕ್ಕೆ ಕ್ರಮವಾಗಿ ಹೋಗುವುದು, ಏನನ್ನೂ ಮಗುವೇ ಊಹಿಸಲಿ ಎಂದು ಬಿಡದೆ ಬಿಡಿಸಿ ಹೇಳುವುದು, ಕಣ್ಣು, ಕಿವಿ, ಕೈ ಮೂರನ್ನೂ ಒಟ್ಟಿಗೆ ಬಳಸುವುದು. ನಮ್ಮ ಹಿರಿಯರಿಗೆ ಇದು ತೀರಾ ಹೊಸತೇನಲ್ಲ. ಕೂಲಿಮಠಗಳಲ್ಲಿ ಮರಳಿನ ಮೇಲೆ ಬೆರಳಿಟ್ಟು ತಿದ್ದಿಸುತ್ತಿದ್ದರು. ಇಂದಿಗೂ ಅಕ್ಷರಾಭ್ಯಾಸಕ್ಕೆ ಅಕ್ಕಿಯ ತಟ್ಟೆ ಬೇಕೇ ಬೇಕು. ಆ ತಟ್ಟೆಯನ್ನು ಒಂದೇ ದಿನಕ್ಕೆ ಎತ್ತಿಡಬೇಡಿ, ಅಷ್ಟೇ! ಮಗು ಅಕ್ಷರ ತೀಡುವಾಗ ಅದರ ಸದ್ದನ್ನು ಗಟ್ಟಿಯಾಗಿ ಹೇಳಲಿ. ಅಕ್ಕಿ, ರವೆ, ಮರಳಿಗಿಂತ ಮುಖ್ಯ ಆ ಹೇಳುವುದು.

ಓದಿಗೆ ಮೊದಲು ಸದ್ದಿನ ಆಟ ಆಡಿಸಿ. ಪುಸ್ತಕವೂ ಬೇಡ, ಪೆನ್ಸಿಲ್ಲೂ ಬೇಡ. ಲೋಕಲ್ ಟ್ರೈನಿನಲ್ಲಿ ಆಡಬಹುದು. "ಅರಮನೆಯಲ್ಲಿ 'ಅರ' ತೆಗೆದರೆ ಏನುಳಿಯಿತು?" ಮನೆ. "ಬಳೆಯ 'ಬ' ತೆಗೆದು 'ಮ' ಹಾಕು." ಮಳೆ. "ಕಾಲು, ಕೋಲು, ಏನು ಬದಲಾಯಿತು?" ಪದವನ್ನು ಚಪ್ಪಾಳೆ ತಟ್ಟುತ್ತಾ ಬಿಡಿಸಿ: ಗ-ರ-ಗ-ಸ, ನಾಲ್ಕು ಚಪ್ಪಾಳೆ. ಒಗಟು, ಅಂತ್ಯಾಕ್ಷರಿ ಎಲ್ಲವೂ ಇದಕ್ಕೆ ಸಾಮಗ್ರಿಯೇ. ಇದನ್ನು ಅಜ್ಜಿ ನಮ್ಮ ನಿಮಗಿಂತ ಚೆನ್ನಾಗಿ ಮಾಡುತ್ತಾರೆ. ಒಂದು ಭಾಷೆಯಲ್ಲಿ ಪಳಗಿದ ಕಿವಿ ಇನ್ನೊಂದು ಭಾಷೆಗೂ ಉಪಯೋಗಕ್ಕೆ ಬರುತ್ತದೆ ಎನ್ನುವುದು ನೆನಪಿರಲಿ.

ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು, ಆದರೆ ದಿನವೂ ಇರಲಿ. ಭಾನುವಾರ ಮೂರು ಗಂಟೆ ಕೂರಿಸುವುದರಿಂದ ಇಬ್ಬರಿಗೂ ತಲೆನೋವು. ಪಾಠದ ವಿಷಯವನ್ನು ನೀವೇ ಓದಿ ಹೇಳಿ, ಇಲ್ಲವೇ ರೆಕಾರ್ಡ್ ಮಾಡಿ ಕೇಳಿಸಿ. ಓದು ಬರುವವರೆಗೆ ವಿಜ್ಞಾನ, ಸಮಾಜ ಕಾಯಬೇಕಾಗಿಲ್ಲ. ತಪ್ಪಿಗೆ ನೂರು ಸಲ ಬರೆಸುವ ಶಿಕ್ಷೆ ಖಂಡಿತ ಬೇಡ. ಅದರಿಂದ ಕೈ ನೋಯುತ್ತದೆ, ಅಕ್ಷರ ಬರುವುದಿಲ್ಲ.

ಒಂದು ಎಚ್ಚರಿಕೆ: ಡಿಸ್ಲೆಕ್ಸಿಯಾ ಗುಣಪಡಿಸುವ ಮಾತ್ರೆ, ಟಾನಿಕ್ ಯಾವುದೂ ಇಲ್ಲ. ಬಣ್ಣದ ಕನ್ನಡಕದಿಂದ ಓದು ಬರುತ್ತದೆ ಎನ್ನುವವರಿಗೆ ದುಡ್ಡು ಕೊಡಬೇಡಿ. ಆದರೆ ಎಲ್ಲಕ್ಕಿಂತ ಮೊದಲು ಕಣ್ಣು ಮತ್ತು ಕಿವಿಯ ಪರೀಕ್ಷೆ ಮಾಡಿಸಿ. ಬೋರ್ಡ್ ಕಾಣದೆ, ಟೀಚರ್ ಮಾತು ಕೇಳದೆ 'ದಡ್ಡ' ಎನಿಸಿಕೊಂಡ ಮಕ್ಕಳೂ ಇದ್ದಾರೆ.

ಕಾಣದ ಮಗು, ಕೇಳದ ಮಗು, ನಿಧಾನದ ಮಗು

ದೃಷ್ಟಿ ಇಲ್ಲದ ಮಕ್ಕಳಿಗೆ ಬ್ರೈಲ್ ಇದೆ ಎಂದು ಎಲ್ಲರಿಗೂ ಗೊತ್ತು. ಆರು ಚುಕ್ಕಿಗಳ ಈ ಲಿಪಿಯನ್ನು ಫ್ರಾನ್ಸಿನ ಲೂಯಿ ಬ್ರೈಲ್ 1824ರಲ್ಲಿ, ತಾನಿನ್ನೂ ಹದಿಹರೆಯದಲ್ಲಿದ್ದಾಗ ರೂಪಿಸಿದ. ನಮ್ಮ ದೇಶದ ಭಾಷೆಗಳಿಗೆ ಹೊಂದುವ 'ಭಾರತಿ ಬ್ರೈಲ್' 1951ರಲ್ಲಿ ಜಾರಿಗೆ ಬಂತು. ಇದರ ಸೊಗಸು ಹೊರನಾಡ ಕನ್ನಡಿಗರಾದ ನಮಗೆ ಬೇಗ ತಿಳಿಯುತ್ತದೆ. 'ಕ' ಎಂದರೆ 1 ಮತ್ತು 3ನೇ ಚುಕ್ಕಿ. 'ಮ' ಎಂದರೆ 1, 3, 4. 'ಲ' ಎಂದರೆ 1, 2, 3. 'ಕಮಲ' ಎಂದು ಕನ್ನಡ ಬ್ರೈಲ್‌ನಲ್ಲಿ ಬರೆದರೂ ಇವೇ ಚುಕ್ಕಿ, ಹಿಂದಿ, ಮರಾಠಿಯಲ್ಲಿ ಬರೆದರೂ ಇವೇ ಚುಕ್ಕಿ! ಕಾಗುಣಿತದ ಕೊಂಬು, ದೀರ್ಘ, ಒತ್ತು ಯಾವುದೂ ಮೇಲೆ ಕೆಳಗೆ ಅಂಟಿಕೊಳ್ಳುವುದಿಲ್ಲ, ಒಂದರ ಮುಂದೊಂದು ಸಾಲಾಗಿ ಬರುತ್ತವೆ. ನಾವು ಕಣ್ಣಿದ್ದವರು ಊರು ಬದಲಾದಾಗಲೆಲ್ಲ ಹೊಸ ಲಿಪಿ ಕಲಿಯಬೇಕು. ಬ್ರೈಲ್ ಓದುವ ಮಗುವಿಗೆ ಆ ಕಷ್ಟ ಬಹಳ ಕಡಿಮೆ.

ಕಿವಿ ಕೇಳಿಸದ ಮಗುವಿಗೆ ಬೇಕಾಗಿರುವುದು ಆದಷ್ಟು ಬೇಗ ಒಂದು ಪೂರ್ಣ ಭಾಷೆ. ಭಾರತೀಯ ಸಂಜ್ಞಾಭಾಷೆ ಕೈಬಾಯಿ ಸನ್ನೆಗಳ ಗಂಟಲ್ಲ, ಅದಕ್ಕೆ ಅದರದೇ ವ್ಯಾಕರಣವಿದೆ. ದೆಹಲಿಯಲ್ಲಿ 2015ರಲ್ಲಿ ಇದಕ್ಕೆಂದೇ ಸ್ಥಾಪನೆಯಾದ ಕೇಂದ್ರ ಸರ್ಕಾರದ ಸಂಸ್ಥೆ, 2021ರ ಹೊತ್ತಿಗೆ 10,000 ಪದಗಳ ನಿಘಂಟನ್ನು ಹೊರತಂದಿತು. ಸನ್ನೆ ಕಲಿತರೆ ಮಾತು ಬರುವುದಿಲ್ಲ ಎನ್ನುವ ಭಯ ಬಿಡಿ. ಮನೆಯವರೂ ಕಲಿಯಿರಿ. ತರಗತಿಯಲ್ಲಿ ಟೀಚರ್ ಬೋರ್ಡ್ ಕಡೆ ತಿರುಗಿ ಮಾತಾಡದೆ, ಬೆಳಕು ಮುಖದ ಮೇಲೆ ಬೀಳುವಂತೆ ನಿಂತು ಮಾತಾಡಿದರೆ ಅರ್ಧ ಕೆಲಸ ಆದಂತೆ. ಅದಕ್ಕೆ ಖರ್ಚೇನೂ ಇಲ್ಲ.

ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ ಮಗುವಿಗೆ ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆಯಬೇಕು. ಅಂಗಿ ಹಾಕುವುದು ಒಂದು ಕೆಲಸವಲ್ಲ, ಏಳೆಂಟು ಕೆಲಸ. ಮೊದಲ ಆರನ್ನು ನೀವು ಮಾಡಿ, ಕೊನೆಯ ಗುಂಡಿ ಮಗು ಹಾಕಲಿ. "ನಾನೇ ಹಾಕಿದೆ" ಎನ್ನುವ ಗೆಲುವು ಅದಕ್ಕೆ ಸಿಗಲಿ. ಆಮೇಲೆ ಕೊನೆಯ ಎರಡು, ಮೂರು. ಲೆಕ್ಕವನ್ನು ಪುಸ್ತಕದಿಂದಲ್ಲ, ತರಕಾರಿ ಅಂಗಡಿಯಲ್ಲಿ ಕೈಯಲ್ಲಿ ನಾಣ್ಯ ಕೊಟ್ಟು ಕಲಿಸಿ. ಆಟಿಸಂ ಇರುವ ಮಗುವಿಗೆ ದಿನದ ಕೆಲಸಗಳನ್ನು ಚಿತ್ರಗಳಲ್ಲಿ ಗೋಡೆಗೆ ಅಂಟಿಸಿ. ಮುಂದೇನು ಎಂದು ಗೊತ್ತಾದರೆ ಹಲವು ಮಕ್ಕಳಿಗೆ ಗಾಬರಿ ತಗ್ಗುತ್ತದೆ. ಒಂದೆಡೆ ಕೂರಲಾಗದ ಮಗುವಿಗೆ ಹತ್ತು ನಿಮಿಷ ಕೆಲಸ, ಎರಡು ನಿಮಿಷ ಓಡಾಟ.

ಗಮನಿಸಿದಿರಾ? ಇವುಗಳಲ್ಲಿ ಬಹುಪಾಲು ಎಲ್ಲ ಮಕ್ಕಳಿಗೂ ಒಳ್ಳೆಯದೇ. ಗಾಲಿಕುರ್ಚಿಗೆಂದು ಕಟ್ಟಿದ ಇಳಿಜಾರಿನ ಮೇಲೆ ಸೂಟ್‌ಕೇಸ್ ಎಳೆಯುವವರೂ, ಮಗುವಿನ ಗಾಡಿ ತಳ್ಳುವವರೂ ಹೋಗುವುದಿಲ್ಲವೇ? ಹಾಗೆಯೇ ಇದು.

ಶಾಲೆಯಲ್ಲಿ ಕೇಳಿ, ಹಕ್ಕಿನಿಂದ ಕೇಳಿ

ಬೇಡುವ ದನಿ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಅನ್ವಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಹಿಂದೆ 7 ಇದ್ದ ಅಂಗವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಏರಿಸಿತು. ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ತೊಂದರೆಗಳು ಅದರಲ್ಲಿ ಸೇರಿವೆ. ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯವೆಂದು ಪ್ರಮಾಣಪತ್ರ ಪಡೆದ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಹತ್ತಿರದ ಶಾಲೆಯೋ, ವಿಶೇಷ ಶಾಲೆಯೋ, ಆಯ್ಕೆ ನಿಮ್ಮದು. ಮಹಾರಾಷ್ಟ್ರ ಸರ್ಕಾರವಂತೂ 1996ರಲ್ಲೇ ಕಲಿಕಾ ತೊಂದರೆ ಇರುವ ಮಕ್ಕಳಿಗೆ ಪರೀಕ್ಷೆಯ ರಿಯಾಯಿತಿಗಳನ್ನು ಕೊಟ್ಟಿತ್ತು.

ಪ್ರಮಾಣಪತ್ರ ಇದ್ದರೆ ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ (ಸಾಮಾನ್ಯವಾಗಿ ಗಂಟೆಗೆ 20 ನಿಮಿಷ, ಅಂದರೆ ಮೂರು ಗಂಟೆಗೆ ಒಂದು ಗಂಟೆ), ಬರೆದುಕೊಡುವ ಸಹಾಯಕರು ಮುಂತಾದ ಅನುಕೂಲಗಳಿವೆ. ಭಾಷಾ ವಿನಾಯಿತಿ ಬೋರ್ಡಿನಿಂದ ಬೋರ್ಡಿಗೆ ಬೇರೆ, ಆ ವರ್ಷದ ಸುತ್ತೋಲೆ ನೋಡಿ. ಹತ್ತನೇ ಕ್ಲಾಸಿನ ಫೆಬ್ರವರಿಯಲ್ಲಿ ಓಡಾಡಿದರೆ ಕೆಲಸವಾಗುವುದಿಲ್ಲ. ಒಂದೆರಡು ವರ್ಷ ಮೊದಲೇ ಶುರುಮಾಡಿ. ಕಲಿಕಾ ತೊಂದರೆಯ ಪ್ರಮಾಣಪತ್ರ ಸಾಮಾನ್ಯವಾಗಿ 8 ವರ್ಷದ ಮೇಲೆಯೇ ಸಿಗುತ್ತದೆ. ಆದರೆ ಕಲಿಸುವುದಕ್ಕೆ ಪತ್ರ ಬೇಕಿಲ್ಲ, ಆರನೇ ವರ್ಷಕ್ಕೇ ಸಹಾಯ ಶುರುವಾಗಲಿ.

ಶಾಲೆಯಲ್ಲಿ ಲಿಖಿತವಾಗಿ ಕೇಳಬೇಕಾದ ಮಾತುಗಳು ಇವು: ಸ್ಪೆಷಲ್ ಎಜುಕೇಟರ್ ಇದ್ದಾರೆಯೇ? ಮಗುವಿಗೆ ಬಾಯಿಯಲ್ಲಿ ಉತ್ತರ ಹೇಳಲು ಬಿಡುತ್ತೀರಾ? ಎಲ್ಲರೆದುರು ಗಟ್ಟಿಯಾಗಿ ಓದಿಸದೆ ಇರುತ್ತೀರಾ? ಮೂರು ತಿಂಗಳಿಗೊಮ್ಮೆ ಎಷ್ಟು ಮುಂದೆ ಹೋಗಿದೆ ಎಂದು ಕೂತು ನೋಡೋಣವೇ?

ಎಲ್ಲಿಗೆ ಹೋಗಬೇಕು?

ಮುಂಬೈಯಲ್ಲಿ ಬಾಂದ್ರಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಮಾತು-ಶ್ರವಣ ತೊಂದರೆಗೆ, ಸಾಯನ್ ಆಸ್ಪತ್ರೆಯ ಕ್ಲಿನಿಕ್ ಕಲಿಕಾ ತೊಂದರೆಗೆ ಹೆಸರಾಗಿವೆ. ಮಹಾರಾಷ್ಟ್ರ ಡಿಸ್ಲೆಕ್ಸಿಯಾ ಅಸೋಸಿಯೇಷನ್ ಕೂಡ ಅಲ್ಲೇ ಇದೆ. ಪುಣೆಯವರು ಸಸೂನ್ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಚೆನ್ನೈಯಲ್ಲಿ ಮದ್ರಾಸ್ ಡಿಸ್ಲೆಕ್ಸಿಯಾ ಅಸೋಸಿಯೇಷನ್, ಊರಾಚೆ ಮುಟ್ಟುಕಾಡಿನಲ್ಲಿ ಬಹು ಅಂಗವೈಕಲ್ಯದ ರಾಷ್ಟ್ರೀಯ ಸಂಸ್ಥೆ ಇದೆ. ಹೈದರಾಬಾದಿನವರಿಗೆ ಸಿಕಂದರಾಬಾದಿನಲ್ಲಿ ಬೌದ್ಧಿಕ ಬೆಳವಣಿಗೆಯ ತೊಂದರೆಗಳ ರಾಷ್ಟ್ರೀಯ ಸಂಸ್ಥೆ. ದೆಹಲಿಯವರು ಏಮ್ಸ್‌ನ ಮಕ್ಕಳ ವಿಭಾಗದಲ್ಲಿ ಕೇಳಿನೋಡಿ.

ತಪಾಸಣೆ ಕನ್ನಡದಲ್ಲೂ ಆಗಬೇಕೆಂದು ಅನಿಸಿದರೆ, ರಜೆಗೆ ಊರಿಗೆ ಹೋದಾಗ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊದಲೇ ವಿಚಾರಿಸಿ ದಿನ ಗೊತ್ತುಮಾಡಿಕೊಳ್ಳಿ. ಶಾಲೆಯ ಪುಸ್ತಕ, ನೋಟ್ಸು, ಹಳೆಯ ವರದಿಗಳನ್ನು ಜೊತೆಗೆ ಒಯ್ಯಿರಿ. ನಿಮ್ಮ ನಗರದಲ್ಲೇ ಪರೀಕ್ಷೆ ಮಾಡಿಸುವುದಾದರೆ "ನಮ್ಮ ಮನೆಮಾತು ಕನ್ನಡ" ಎಂದು ಮೊದಲೇ ತಿಳಿಸಿ. ಮಗು ಕನ್ನಡದಲ್ಲಿ ಏನೇನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ಒಂದು ಹಾಳೆಯಲ್ಲಿ ಬರೆದುಕೊಡಿ. ಆ ಹಾಳೆ ಇಲ್ಲದೆ ವೈದ್ಯರಿಗೆ ಸಿಗುವುದು ಅರ್ಧ ಮಗುವಿನ ಚಿತ್ರ ಮಾತ್ರ.

ಕನ್ನಡ ಬಿಡಿ ಎಂದು ಇನ್ನೊಮ್ಮೆ ಯಾರಾದರೂ ಹೇಳಿದರೆ, ಜಗಳ ಬೇಡ. "ಕನ್ನಡ ಬಿಡುವುದಿಲ್ಲ, ಓದು ಕಲಿಸುವ ಕ್ರಮ ಏನು ಹೇಳಿ" ಎಂದು ನಗುತ್ತಲೇ ಕೇಳಿ. ಮಗುವಿಗೆ ಅವಮಾನವಾದ ದಿನ ಅದು ಅಳುತ್ತಾ ಬಂದು ಹೇಳಿಕೊಳ್ಳುವುದಕ್ಕೆ ಒಂದು ಭಾಷೆ ಬೇಕು. ನಿಮಗೂ ಅದನ್ನು ಸಮಾಧಾನ ಮಾಡುವುದಕ್ಕೆ ಒಂದು ಭಾಷೆ ಬೇಕು.

ಈ ಪುಟವನ್ನು ನಿಮ್ಮ ಕಟ್ಟಡದಲ್ಲಿ, ಕನ್ನಡ ಸಂಘದಲ್ಲಿ ಬೇಕಾದವರಿಗೆ ಓದಿ ಹೇಳಿ.